ಕಡಲ ನೀರಿನಿಂದ ಯುರೇನಿಯಂ

ಒಂದು ಟನ್ ಕಡಲ ನೀರಿನಲ್ಲಿ ಸುಮಾರು 3.3 ಮಿಲಿಗ್ರಾಂ ಯುರೇನಿಯಂ, ಕಾರ್ಬೊನೇಟಿನೊಡನೆ ಬಿಗಿಯಾಗಿ ಬೆಸೆದ ರೂಪದಲ್ಲಿ ಕರಗಿರುತ್ತದೆ. ಇದನ್ನು ಬೇರ್ಪಡಿಸುವ ಸಲುವಾಗಿ ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹಲವು ವಸ್ತುಗಳನ್ನು ಪರೀಕ್ಷಿಸಿ, ಇಲ್ಮನೈಟ್, ರೂಟೈಲ್‌ಗಳಂಥ ಖನಿಜಗಳಿಂದ ದೊರೆಯುವ ಟೈಟಾನಿಯಂನ ಜಲಯುಕ್ತ ಆಕ್ಸೈಡು ಉತ್ತಮ ಅಧಿಶೋಷಕವೆಂದು, ಎಂದರೆ ಕರಗಿದ ವಸ್ತುವನ್ನು ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುವ ಘನವಸ್ತುವೆಂದು 1964ರಲ್ಲಿ ಪ್ರಕಟಿಸಿದರು. ತನ್ನದೇ ಆದ ಯುರೇನಿಯಂ ನಿಕ್ಷೇಪಗಳು ತೀರ ಕಡಿಮೆಯಿದ್ದ ಜಪಾನು ಈ ಮಾರ್ಗವನ್ನೇ ಹಿಡಿದು, ಶಿಕೊಕು ದ್ವೀಪದ ನಿಯೊ ಎಂಬಲ್ಲಿ ವರ್ಷಕ್ಕೆ 10 ಕಿಲೊಗ್ರಾಂ ಗುರಿಯ ಪ್ರಾಯೋಗಿಕ ಸ್ಥಾವರವನ್ನು 1986ರಲ್ಲಿ ನಡೆಸತೊಡಗಿತು. ರಸಾಯನಶಾಸ್ತ್ರ ಇಲ್ಲಿ ಸೋಲಲಿಲ್ಲ. ಆದರೆ ಒಂದು ಕಿಲೊಗ್ರಾಮಿಗೆ ಕನಿಷ್ಠ 3 ಲಕ್ಷ ಟನ್ ನೀರು ಬೇಕಾಗುತ್ತಿದ್ದುದರಿಂದ ಅದನ್ನು ಪಂಪು ಮಾಡುವ ವೆಚ್ಚವೇ ಭಾರವಾಯಿತು. ಮುಂದಿನ ಪ್ರಯೋಗಗಳಲ್ಲಿ ಖನಿಜ ಆಕ್ಸೈಡಿನ ಸ್ಥಾನವನ್ನು ಕಡಲಿನಲ್ಲೇ ತೇಲಿಬಿಡಬಹುದಾದ ಅಮಿಡಾಕ್ಸಿಮ್ ಎಂಬ, ಯುರೇನಿಯಂ ಹಿಡಿದುಕೊಳ್ಳುವ ರಾಸಾಯನಿಕ ಗುಂಪುಳ್ಳ ನಾರುಗಳು ಪಡೆದವು.