ತೆಪ್ಪೋತ್ಸವವೂ ಒಂದು ದಿನದ ಅಂಬಿಗರೂ

ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲುಸೀಮೆಗೆ ಕಡಲೆಂದರೆ ಕೆರೆಯೇ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯು ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಅದರ ನೀರನ್ನು ಹೊತ್ತ ವೇದಾನದಿಯು ಆವತಿಯೊಡನೆ ಕೂಡಿ ವೇದಾವತಿಯೆನಿಸುವುದು. ತರೀಕೆರೆಯ ಪಡುವಣಕ್ಕೆ, ಲಕ್ಕವಳ್ಳಿಯ ಕಡೆ, ಭದ್ರೆ ಹರಿಯುವಳು. ಇಷ್ಟಾದರೂ ಇಲ್ಲಿನ ಒಕ್ಕಲಿಗನು ನೇಗಿಲನ್ನು ಬಲ್ಲಂತೆ ಹುಟ್ಟನ್ನು ಬಲ್ಲವನಲ್ಲ. ಇಂಥ ನಾಡುಗಳಲ್ಲಿ ಸಾಮಾನ್ಯ ಜನರ ಕೈಗೆ ಗಳುವನ್ನು ಕೊಡುವ ಪದ್ಧತಿಯೊಂದುಂಟು, ಅದೇ ತೆಪ್ಪೋತ್ಸವ.

ಭದ್ರೆಯೊಡನೆ ಗಂಗಾಮೂಲದಲ್ಲಿಯೇ ಹುಟ್ಟಿದ ತುಂಗೆಯ ದಡದಲ್ಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯು ರಾಮೇಶ್ವರನ ತೆಪ್ಪೋತ್ಸವದಿಂದ ಪ್ರಸಿದ್ಧವಾಗಿದೆ. ಮೇಲುಕೋಟೆಯ ಕಲ್ಯಾಣಿಯಲ್ಲಿ ಚೆಲುವನಾರಾಯಣನಿಗೂ, ನಂಜನಗೂಡಿನ ಕಪಿಲೆಯಲ್ಲಿ ಶ್ರೀಕಂಠೇಶ್ವರನಿಗೂ ಇದೇ ಸೇವೆ ನಡೆಯುವುದು. ಉತ್ಸವಮೂರ್ತಿಯನ್ನು ದೀಪಾಲಂಕೃತವಾದ ಮಂಟಪದಲ್ಲಿ ಬಿಜಯಂಗೈಸಿ, ವಾದ್ಯಘೋಷದೊಡನೆ ನೀರಿನ ಮೇಲೆ ಪ್ರದಕ್ಷಿಣೆ ಮಾಡಿಸುವರು.

ಈ ತೆಪ್ಪದ ಕಟ್ಟಡದಲ್ಲಿ ಹಳೆಯ ಅನುಭವವು ಅಡಗಿದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಪೇಯಸನು, ಆನೆಗೊಂದಿಯ ಬಳಿ ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮವನ್ನು ಹೊದಿಸಿದ ಹರಿಗೋಲುಗಳು ಹದಿನೈದಿಪ್ಪತ್ತು ಜನರನ್ನು ದಾಟಿಸುತ್ತಿದ್ದುವೆಂದೂ, ಅವು ನೇರವಾಗಿ ಸಾಗದೆ ಸದಾ ಸುತ್ತುತ್ತಿದ್ದುವೆಂದೂ ಬರೆದಿರುವನು. ಒಂಟಿಯಾಗಿ ಸುತ್ತುವ ಹರಿಗೋಲುಗಳೆರಡನ್ನು ಬಿದಿರಿನಿಂದ ಬಿಗಿದು ಹಲಗೆ ಹಾಸಿದರೆ ಆ ಸುತ್ತಾಟವು ಅಡಗಿ, ಮಂಟಪಕ್ಕೆ ನಿಲುವು ದೊರೆಯುವುದು. ಈಚೆಗೆ ಕಬ್ಬಿಣದ ಪೀಪಾಯಿಗಳೂ ಈ ಕೆಲಸಕ್ಕೆ ಬಂದಿವೆ. ಭಾರವು ಒಂದು ಕಡೆಗೆ ವಾಲದಂತೆ ನೋಡಿಕೊಂಡು, ಆಳವಿಲ್ಲದೆಡೆ ಗಳುವಿನಿಂದ ತಳವನ್ನೊತ್ತಿ, ದಡದ ಹಗ್ಗವನ್ನು ಹದವಾಗಿ ಎಳೆದು ಬಿಡಬೇಕು. ಒಬ್ಬನ ಅವಸರವು ಎಲ್ಲರಿಗೂ ಅಪಾಯ.

ಪರದೇಶಗಳಲ್ಲಿಯೂ ಇಂಥ ಜಲಮೆರವಣಿಗೆಗಳುಂಟು. 2012ರಲ್ಲಿ ಎಲಿಜಬೆತ್ ರಾಣಿಯ ಪಟ್ಟದ ಅರವತ್ತನೆಯ ವರ್ಷಕ್ಕೆ ಥೇಮ್ಸ್ ನದಿಯಲ್ಲಿ ಸಾಗಿದ ನೂರಾರು ದೋಣಿಗಳಲ್ಲಿ ವೃತ್ತಿಯವರಲ್ಲದೆ ಹವ್ಯಾಸಿಗಳೂ ಹುಟ್ಟು ಹಾಕಿದರು. ಅಲ್ಲಿ ದೋಣಿಗಳ ಬಾಹುಳ್ಯವೇ ವೈಭವ. ಇಲ್ಲಿ ಒಂದೇ ತೆಪ್ಪ ಸಾಕು. ಆದರೆ ಅದಕ್ಕೆ ತುಂಬಿದ ನೀರು ಬೇಕು.

ಉತ್ಸವದ ಅರ್ಥವಿರುವುದು ಇಲ್ಲಿಯೇ. ರಥೋತ್ಸವವು ಬರಗಾಲದಲ್ಲಿಯೂ ನಡೆದೀತು, ತೆಪ್ಪೋತ್ಸವವು ನಡೆಯಲಾರದು. ಹೂಳು ತುಂಬಿ ಏರಿ ಒಡೆದ ಕೆರೆಯಲ್ಲಿ ದೇವರಿಗೂ ಸಂಚಾರವಿಲ್ಲ. ಸೇತುವೆಗಳಾದ ಮೇಲೆ ದಿನದಿನದ ಅಂಬಿಗವೃತ್ತಿಯು ಕುಗ್ಗಿತು. ಉತ್ಸವದ ಒಂದು ಇರುಳು ಆ ವಿದ್ಯೆಯನ್ನು ಮರೆಯದಂತೆ ಕಾಯುತ್ತಿದೆ. ಆದುದರಿಂದ ತೆಪ್ಪದ ಹಗ್ಗವನ್ನು ಹಿಡಿಯುವ ಕೈಗಳೇ ಬೇಸಗೆಯಲ್ಲಿ ಕೆರೆಯ ಹೂಳಿಗೆ ಗುದ್ದಲಿಯನ್ನೂ ಹಿಡಿದರೆ, ಆ ಸೇವೆಯು ಸಂಪೂರ್ಣವಾಗುವುದು.