ಶಿಶುಗಳ ಧರ್ಮಶಿಕ್ಷಣವೂ ಗೃಹಪರಂಪರೆಯೂ

ಧರ್ಮವು ಗ್ರಂಥಗಳಲ್ಲಿ ನೆಲೆಗೊಂಡರೆ ಸಾಲದು, ಮನೆಗಳಲ್ಲಿ ನೆಲೆಗೊಳ್ಳಬೇಕೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ನಮ್ಮ ಸಂಪ್ರದಾಯದಲ್ಲಿ ಮಗುವು ಅಕ್ಷರವನ್ನು ಕಲಿಯುವುದಕ್ಕೆ ಬಹು ಮೊದಲೇ ಗುರುಹಸ್ತದಿಂದ ಅದಕ್ಕೆ ಲಿಂಗಧಾರಣವಾಗುವುದು. ಮುಂದೆ ಆ ಮಗುವು ತಾಯಿಯ ಮಗ್ಗುಲಲ್ಲಿ ಕುಳಿತು, ವಿಭೂತಿಯನ್ನು ಧರಿಸಲೂ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪತ್ರೆಯನ್ನೇರಿಸಲೂ, ಮನೆಗೆ ಬಿಜಯಂಗೈದ ಜಂಗಮರ ಜೋಳಿಗೆಗೆ ತನ್ನ ಪುಟ್ಟ ಬೊಗಸೆಯಿಂದ ಧಾನ್ಯವನ್ನು ನೀಡಲೂ ಕಲಿಯುವುದು. ಕಣ್ಣು ಕಂಡುದನ್ನೂ ಕೈ ಮಾಡಿದುದನ್ನೂ ಮನಸ್ಸು ಬೇಗನೆ ಮರೆಯಲಾರದು. ಈ ಗೃಹಶಿಕ್ಷಣದ ಬಲವೆಲ್ಲಿತ್ತು, ಕೊರತೆಯೆಲ್ಲಿತ್ತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶವು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅರಿವೂ ಕಾಯಕವೂ ಬೇರೆಬೇರೆಯಾಗಿರಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಲೂ, ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಮಡಿಮಾಡುತ್ತಲೂ, ಅಂಬಿಗರ ಚೌಡಯ್ಯನವರು ದೋಣಿ ನಡೆಯಿಸುತ್ತಲೂ ಅನುಭಾವಿಗಳಾದರು. ಷಟ್‌ಸ್ಥಲಜ್ಞಾನಿಯೆಂದು ಕೀರ್ತಿತರಾದ ಚೆನ್ನಬಸವಣ್ಣನವರು ತಾಯಿ ಅಕ್ಕನಾಗಮ್ಮನವರ ಮಡಿಲಲ್ಲಿ, ಸೋದರಮಾವ ಬಸವಣ್ಣನವರ ಮನೆಯ ದಾಸೋಹದ ನಡುವೆ ಬೆಳೆದರೆಂದು ನಮ್ಮ ಪರಂಪರೆಯು ಸಾರುತ್ತದೆ. ಅವರಿಗೆ ಮನೆಯೇ ಪ್ರಥಮ ಮಠವಾಯಿತು, ತಾಯಿಯೇ ಪ್ರಥಮಾಚಾರ್ಯಳಾದಳು.

ಇನ್ನು ಸಮೀಪದ ಕಾಲಕ್ಕೆ ಬರೋಣ. ೧೮೨೨ರಲ್ಲಿ ಮದರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ತಮ್ಮ ಪ್ರಾಂತದ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದರು. ಬಳ್ಳಾರಿಯ ಕಲೆಕ್ಟರರಾದ ಕ್ಯಾಂಬೆಲ್ಲರು ೧೮೨೩ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿಯು ನಮಗೆ ಬಹು ಉಪಯುಕ್ತವಾಗಿದೆ. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಮಗುವಿಗೆ ಐದು ವರುಷ ತುಂಬಲು, ಶಾಲೆಯ ಗುರುವನ್ನೂ ಮಕ್ಕಳನ್ನೂ ಮನೆಗೆ ಬರಮಾಡಿಕೊಂಡು, ಪೂಜೆಯನ್ನು ನಡೆಯಿಸಿ, ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದರು. ಬಳಿಕ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದಲೇ ಅಕ್ಷರಾಭ್ಯಾಸವು. ಹೀಗೆ ವಿದ್ಯೆಯು ಮನೆಯಿಂದಲೇ, ಕೈಯಿಂದಲೇ ಹೊರಡುತ್ತಿತ್ತು.

ಆದರೆ ಅದೇ ವರದಿಯಲ್ಲಿ ನಾವು ಗಮನಿಸತಕ್ಕ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಹಿಂದೂ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ೬೦ ಮಂದಿ ಮಾತ್ರವೇ! ಮಿಕ್ಕ ಬಾಲಕಿಯರಿಗೆ ಮನೆಯಲ್ಲದೆ ಬೇರೆ ಶಾಲೆಯೇ ಇರಲಿಲ್ಲ. ಎರಡನೆಯದಾಗಿ, ಚೆನ್ನಬಸವೇಶ್ವರ ಪುರಾಣವೇ ಮೊದಲಾದ ಗ್ರಂಥಗಳನ್ನು ಲಿಂಗವಂತರ ಮಕ್ಕಳು ಓದುತ್ತಿದ್ದರಾದರೂ, ಕಾವ್ಯಭಾಷೆಯು ಆಡುಮಾತಿಗೆ ದೂರವಾದುದರಿಂದ ಅರ್ಥವನ್ನರಿಯದೆ ಉಚ್ಚರಿಸುವುದೇ ಹೆಚ್ಚಾಗಿತ್ತು. ಓದು ಬಂದಿತು, ಅರಿವು ಬರಲಿಲ್ಲ.

ಈ ಕೊರತೆಯ ಫಲವನ್ನು ನಮ್ಮ ವಚನವಾಙ್ಮಯವೇ ಅನುಭವಿಸಿತು. ತಾಡವೋಲೆಯ ಕಟ್ಟುಗಳು ಅನೇಕ ಮನೆಗಳ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಲ್ಪಟ್ಟು, ವಿಭೂತಿ ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದುವು. ಆ ಭಕ್ತಿಯಿಂದಲೇ ಅವು ಉಳಿದುವೆಂಬುದು ನಿಜ. ಆದರೆ ಬಿಚ್ಚಿ ಓದಿ ಮಕ್ಕಳಿಗೆ ಹೇಳುವವರಿಲ್ಲದುದರಿಂದ ಎಷ್ಟೋ ಓಲೆಗಳು ಹುಳುವಿಗೆ ಆಹಾರವಾದುವು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಇಂತಹ ಕಟ್ಟುಗಳನ್ನು ಮನೆಮನೆಗಳಿಂದ ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಸ್ಥಾಪಿಸಿದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ‘ಸಮಗ್ರ ವಚನ ಸಂಪುಟ’ವನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಇಂದು ಗ್ರಂಥಕ್ಕೆ ಬರವಿಲ್ಲ. ಆದರೆ ಜಗುಲಿಯ ಓಲೆಗೆ ಒದಗಿದ ಗತಿಯು ಕಪಾಟಿನ ಸಂಪುಟಕ್ಕೂ ಒದಗಬಾರದಷ್ಟೆ?

ಆದುದರಿಂದ ಭಕ್ತಜನರು ತಮ್ಮ ಮನೆಗಳಲ್ಲಿ ಎಳೆಯರಿಗೆ ಕೈಗೆಲಸದೊಡನೆ ಅರ್ಥವನ್ನೂ ಕೂಡಿಸಿ ಕಲಿಸತಕ್ಕದ್ದು. ತಾಯಿಯು ಮೊರದಲ್ಲಿ ಅಕ್ಕಿಯನ್ನು ಹಸನುಮಾಡುವಾಗ ಮಗುವಿನಿಂದಲೂ ನಾಲ್ಕು ಕಾಳುಗಳನ್ನು ಆಯಿಸಿ, ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಹೇಳಲಿ. ಅಪರಿಗ್ರಹವೆಂಬ ಕಠಿನ ಶಬ್ದವು ಬೇಕಾಗದೆಯೇ ಅದರ ಸಾರವು ಮಗುವಿಗೆ ತಿಳಿಯುವುದು. ಹಿರಿಯರು ಮಗುವಿನ ಕೊರಳ ಶಿವದಾರವನ್ನು ಸರಿಪಡಿಸುವಾಗ, ಗಂಡುಹೆಣ್ಣೆಂಬ, ಕುಲದ ಮೇಲುಕೀಳೆಂಬ ಭೇದವಿಲ್ಲದೆ ಲಿಂಗವನ್ನು ಎಲ್ಲರಿಗೂ ಕೊಟ್ಟ ಶರಣರ ಸಾಹಸವನ್ನು ವಿವರಿಸಲಿ. ಕೂಡಲಸಂಗಮಕ್ಕೆ ಕರೆದೊಯ್ದಾಗ, ಕೃಷ್ಣಾ ಮಲಪ್ರಭೆಯರು ಕೂಡುವುದನ್ನು ತೋರಿಸಿ, ನೀರಿನ ನಡುವೆ ಕಟ್ಟಡದಿಂದ ರಕ್ಷಿತವಾದ ಬಸವಣ್ಣನವರ ಐಕ್ಯಸ್ಥಳಕ್ಕೆ ಸೋಪಾನಗಳನ್ನಿಳಿಸಲಿ. ಬಸವಣ್ಣನವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ ೧೨೬೦ರ ಶಾಸನವು ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತುದೆಂಬುದನ್ನು ತಿಳಿಸಲಿ. ಕಥೆಯಲ್ಲಿ ಕೇಳಿದವರು ನಿಜವಾಗಿಯೂ ಈ ನೆಲದ ಮೇಲೆ ನಡೆದವರೆಂಬ ನಂಬುಗೆಯು ಆಗ ಮಗುವಿನಲ್ಲಿ ಬೇರೂರುವುದು.

ಕ್ರಿಯೆಯಿಲ್ಲದ ಓದು ನಾಲಗೆಯಲ್ಲಿ ನಿಲ್ಲುವುದು. ಅರಿವಿಲ್ಲದ ಕ್ರಿಯೆಯು ಕೈಯಲ್ಲಿ ನಿಲ್ಲುವುದು. ಎರಡೂ ಕೂಡಿದರೆ ಹೃದಯವನ್ನು ಹೊಗುವುದು. ಮಗುವು ‘ಇದನ್ನೇಕೆ ಮಾಡಬೇಕು?’ ಎಂದು ಕೇಳಿದಾಗ ಗದರಿಸದೆ ಉತ್ತರವೀಯುವ ತಂದೆತಾಯಿಗಳೇ ಅನುಭವಮಂಟಪದ ನಿಜವಾದ ವಾರಸುದಾರರು. ಶ್ರೀಮಠವು ದಾರಿಯನ್ನು ತೋರಬಲ್ಲುದು. ದಿನದಿನವೂ ಕೈಹಿಡಿದು ನಡೆಯಿಸುವ ಹೊಣೆಯು ಮನೆಯದು. ಈ ಮಹೋತ್ಸವದ ಶುಭಸಮಯದಲ್ಲಿ ಸದ್ಭಕ್ತರೆಲ್ಲರೂ ಆ ಹೊಣೆಯನ್ನು ಪ್ರೀತಿಯಿಂದ ವಹಿಸುವಂತೆ ಶ್ರೀಗುರುವು ಕರುಣಿಸಲಿ.