ಕಾನ್ಫರೆನ್ಸ್ ಜಗಳಗಳ ಚರಿತ್ರೆ: ಮಿಷಿಗನ್‌ನಿಂದ ಫ್ಲೋರಿಡಾ ಸ್ಟೇಟ್‌ವರೆಗೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಕುರಿತು ಈಗ ಬರುತ್ತಿರುವ ಬರಹಗಳಲ್ಲೆಲ್ಲ ಒಂದೇ ಕಥೆ. ಹಿಂದೆ ನೆರೆಹೊರೆಯ ವಿಶ್ವವಿದ್ಯಾಲಯಗಳು ಕೂಡಿ ಕಾನ್ಫರೆನ್ಸ್ ಎಂಬ ಒಕ್ಕೂಟ ಕಟ್ಟಿಕೊಂಡು ಅನ್ಯೋನ್ಯವಾಗಿದ್ದವಂತೆ, ಟೆಲಿವಿಷನ್ ದುಡ್ಡು ಬಂದು ಎಲ್ಲ ಕೆಟ್ಟಿತಂತೆ. 2023ರ ಡಿಸೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ ತನ್ನದೇ ಒಕ್ಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯ ಮೇಲೆ ದಾವೆ ಹೂಡಿದ ಮೇಲಂತೂ ಈ ಕಥೆಯನ್ನು ಪ್ರಶ್ನಿಸುವವರೇ ಇಲ್ಲ. ಆದರೆ ಆ ಅನ್ಯೋನ್ಯದ ಕಾಲ ಯಾವುದು ಎಂದು ಕೇಳಿದರೆ ಯಾರೂ ಇಸವಿ ಹೇಳುವುದಿಲ್ಲ. ಹೇಳಲು ಅಂಥದೊಂದು ಇಸವಿ ಇಲ್ಲ.

ಮೊದಲ ಹಂತವನ್ನು ಬೇಗ ದಾಟಬಹುದು. ಈಗ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟ 1869ರ ರಟ್ಗರ್ಸ್–ಪ್ರಿನ್ಸ್‌ಟನ್ ಪಂದ್ಯದಿಂದ ಶುರುವಾಯಿತೆಂದು ಲೆಕ್ಕ. ಬಾಡಿಗೆ ಆಟಗಾರರು, ಪರೀಕ್ಷೆಗೇ ಕೂರದ 'ವಿದ್ಯಾರ್ಥಿ'ಗಳು ಹೆಚ್ಚಿದಾಗ, 1895ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಶಿಕಾಗೋದಲ್ಲಿ ಸಭೆ ಕರೆದರು. ಇಂದಿನ ಬಿಗ್ ಟೆನ್ ಒಕ್ಕೂಟ ಹುಟ್ಟಿದ್ದು ಅಲ್ಲಿಂದ. ಹುಟ್ಟಿದ ಉದ್ದೇಶ ಆಟ ಬೆಳೆಸುವುದಲ್ಲ, ಅಧ್ಯಾಪಕರ ಕೈಯಲ್ಲಿ ಅದಕ್ಕೆ ಮೂಗುದಾರ ಹಾಕಿಸುವುದು. ಮೂಗುದಾರ ಬಿಗಿಯಾದೊಡನೆ ಜಗಳವೂ ಬಂತು. 1906ರಲ್ಲಿ ಸುಧಾರಣೆಯ ಸಭೆ ಕರೆದವರು ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಕ್ಷ ಏಂಜೆಲ್. ಮೂರು ವರ್ಷಕ್ಕಿಂತ ಹೆಚ್ಚು ಯಾರೂ ಆಡಬಾರದು, ವರ್ಷಕ್ಕೆ ಐದೇ ಪಂದ್ಯ ಮುಂತಾದ ಕಟ್ಟಳೆಗಳಾದವು. ಎರಡೇ ವರ್ಷದಲ್ಲಿ ಅದೇ ಮಿಷಿಗನ್ ಒಕ್ಕೂಟ ಬಿಟ್ಟಿತು, ಮರಳಿದ್ದು 1917ರಲ್ಲಿ. ಟೆಲಿವಿಷನ್ ಆಗ ಯಾರ ಕನಸಿನಲ್ಲೂ ಇರಲಿಲ್ಲ.

ಎಸಿಸಿಯ ಹುಟ್ಟೂ ಇಂಥದೇ. ಸದರ್ನ್ ಕಾನ್ಫರೆನ್ಸ್ ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಗಳನ್ನು ನಿಷೇಧಿಸಿದಾಗ ಮೇರಿಲ್ಯಾಂಡ್ ಮತ್ತು ಕ್ಲೆಮ್ಸನ್ ಅದನ್ನು ಮೀರಿ 1952ರ ಜನವರಿಯಲ್ಲಿ ಆಡಿ ಶಿಕ್ಷೆ ಅನುಭವಿಸಿದವು. ಮರುವರ್ಷ ಮೇ ತಿಂಗಳಲ್ಲಿ ಗ್ರೀನ್ಸ್‌ಬರೊದಲ್ಲಿ ಏಳು ಸಂಸ್ಥೆಗಳು ಹೊರಬಂದು ಎಸಿಸಿ ಕಟ್ಟಿದವು. ಅಂದರೆ ಸದಸ್ಯ ಸಂಸ್ಥೆ ಕರಾರು ಮುರಿಯಿತೆಂದು ನ್ಯಾಯಾಲಯದಲ್ಲಿ ವಾದಿಸಿದ ಒಕ್ಕೂಟ, ಸ್ವತಃ ಬಿಟ್ಟುಬಂದವರದು. ಆ ಏಳರಲ್ಲಿ ಒಂದಾದ ಸೌತ್ ಕ್ಯಾರೊಲೈನಾ ಕೂಡ 1971ರಲ್ಲಿ ಹೊರನಡೆಯಿತು. ಪ್ರವೇಶ ಪರೀಕ್ಷೆ ಎಸ್‌ಎಟಿಯಲ್ಲಿ ಕನಿಷ್ಠ 800 ಅಂಕ ಇರಲೇಬೇಕೆಂಬ ಎಸಿಸಿಯ ನಿಯಮ ಅದಕ್ಕೆ ಸರಿಬರಲಿಲ್ಲ.

ಈ ನಡುವಿನ ಕಾಲದ ಜಗಳಗಳಲ್ಲಿ ನನಗೆ ಹೆಚ್ಚು ತೂಕದ್ದೆನಿಸುವುದು ಜಾರ್ಜಿಯಾ ಟೆಕ್‌ನದು. ಸೌತ್‌ಈಸ್ಟರ್ನ್ ಕಾನ್ಫರೆನ್ಸ್ (ಎಸ್‌ಇಸಿ) ಒಂದು ಸಂಸ್ಥೆಗೆ ಒಟ್ಟು 140 ಕ್ರೀಡಾ ವಿದ್ಯಾರ್ಥಿವೇತನ ಎಂದು ಮಿತಿ ಹಾಕಿತ್ತು. ಪ್ರತಿವರ್ಷ ಹೊಸಬರನ್ನು ಧಾರಾಳವಾಗಿ ಸೇರಿಸಿಕೊಂಡು, ಲೆಕ್ಕ ಸರಿದೂಗಿಸಲು ಆಟ ಹತ್ತದ ಹುಡುಗರನ್ನು ಹೊರದೂಡುವುದು ಹಲವು ತರಬೇತುದಾರರ ರೂಢಿ. ಟೆಕ್‌ನ ತರಬೇತುದಾರ ಬಾಬಿ ಡಾಡ್ ಒಪ್ಪಲಿಲ್ಲ. ಕರೆತಂದ ಹುಡುಗನಿಗೆ ಓದು ಮುಗಿಯುವವರೆಗೆ ವೇತನ ಕೊಡಬೇಕು ಎಂಬುದು ಅವರ ಹಟ. ನಿಯಮ ಬದಲಾಗಲಿಲ್ಲ, 1964ರಲ್ಲಿ ಟೆಕ್ ಹೊರಬಂತು. ಆಟಗಾರನ ಪರವಾಗಿ ಒಂದು ವಿಶ್ವವಿದ್ಯಾಲಯ ಒಕ್ಕೂಟ ಬಿಟ್ಟ ಉದಾಹರಣೆ ನನಗೆ ತಿಳಿದಂತೆ ಇದೊಂದೇ. ಹಣದ ಕಥೆ ಹೇಳುವವರು ಇದನ್ನು ಮುಟ್ಟುವುದೇ ಇಲ್ಲ.

ಇಲ್ಲಿಯವರೆಗಿನ ಚರಿತ್ರೆಯನ್ನು ನಮಗೆ ಒದಗಿಸಿದವರು ಕಡತ ಓದುವ ವಿದ್ವಾಂಸರು. ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ತರಬೇತುದಾರ ಕ್ನೂಟ್ ರಾಕ್ನಿಯ ಪತ್ರವ್ಯವಹಾರವನ್ನು ಜಾಲಾಡಿ ಮರೆ ಸ್ಪರ್ಬರ್ 1993ರಲ್ಲಿ ಬರೆದ ಪುಸ್ತಕ ದಾರಿ ತೋರಿಸಿತು. ಆ ಸಂಸ್ಥೆ ಇಂದು ಮೆರೆಸುವ 'ಸ್ವತಂತ್ರ' ನಿಲುವಿನ ಹಿಂದೆ, ಬಿಗ್ ಟೆನ್ ಸೇರಲು ಹೋಗಿ ತಿರಸ್ಕೃತವಾದ ಇತಿಹಾಸವಿದೆ ಎಂದು ಅದರಿಂದ ತಿಳಿಯಿತು. ರೊನಾಲ್ಡ್ ಸ್ಮಿತ್, ಜಾನ್ ವಾಟರ್‌ಸನ್ ಅವರದೂ ಇದೇ ಕುಲ. ನಂತರ ಬಂದ ಅರ್ಥಶಾಸ್ತ್ರಜ್ಞರಲ್ಲಿ ಚಾರ್ಲ್ಸ್ ಕ್ಲಾಟ್‌ಫೆಲ್ಟರ್ ಲೆಕ್ಕದಲ್ಲಿ ಗಟ್ಟಿಗರು. ಆದರೆ ಅವರ ಕಣ್ಣು ವಿಶ್ವವಿದ್ಯಾಲಯದ ಮೇಲೆ. ಒಕ್ಕೂಟ ಹಿನ್ನೆಲೆಗೆ ಸರಿದುಬಿಡುತ್ತದೆ. ಅಂಕಿಅಂಶದವರಿಗೆ ಸಭೆಯ ನಡಾವಳಿ ಓದುವ ತಾಳ್ಮೆ ಕಡಿಮೆ.

ನಮ್ಮ ತಲೆಮಾರು ಈ ವಿಷಯಕ್ಕೆ ಬಂದದ್ದು 1984ರ ಬಾಗಿಲಿನಿಂದ. ಅಲ್ಲಿಯವರೆಗೆ ಟೆಲಿವಿಷನ್‌ನಲ್ಲಿ ಯಾವ ಪಂದ್ಯ ಬರಬೇಕು, ಎಷ್ಟು ಬರಬೇಕು ಎಂದು ನಿರ್ಧರಿಸುತ್ತಿದ್ದುದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರಿಂದ ಆ ಏಕಸ್ವಾಮ್ಯವನ್ನು ಮುರಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್, ಕಾಲೇಜು ದಿನಗಳಲ್ಲಿ ಕೊಲೊರಾಡೊದ ಹೆಸರಾಂತ ಆಟಗಾರ. ಇದು ಬರೀ ವ್ಯಾಪಾರವಾಗುತ್ತದೆ ಎಂಬ ಅವರ ಅಂಜಿಕೆ ಸುಳ್ಳಾಗಲಿಲ್ಲ. ತೀರ್ಪಿನ ನಂತರ ನಿಯಮ ಮಾಡುವ ಮಂಡಳಿಯಾಗಿದ್ದ ಒಕ್ಕೂಟ ಪಂದ್ಯ ಮಾರುವ ಏಜೆಂಟಾಯಿತು. ಅಧ್ಯಾಪಕ ಪ್ರತಿನಿಧಿಯ ಕುರ್ಚಿ ಹೋಗಲಿಲ್ಲ, ಅದರಲ್ಲಿ ಕೂತವರ ಮಾತು ಕೇಳುವವರು ಹೋದರು. ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಅಳಿಯಿತು. 2011ರಲ್ಲಿ ಟೆಕ್ಸಸ್ ತನಗೊಬ್ಬನಿಗೇ ಇಪ್ಪತ್ತು ವರ್ಷಕ್ಕೆ 30 ಕೋಟಿ ಡಾಲರ್‌ನ ಚಾನೆಲ್ ಮಾಡಿಕೊಂಡಿತು. ಆಸುಪಾಸಿನ ಎರಡು ವರ್ಷಗಳಲ್ಲಿ ನೆಬ್ರಾಸ್ಕಾ, ಕೊಲೊರಾಡೊ, ಟೆಕ್ಸಸ್ ಎ ಅಂಡ್ ಎಂ, ಮಿಸೌರಿ ಟೆಕ್ಸಸ್ ಇದ್ದ ಒಕ್ಕೂಟ ಬಿಗ್ 12 ಅನ್ನು ಬಿಟ್ಟವು.

ಮೇರಿಲ್ಯಾಂಡ್ 2012ರಲ್ಲಿ ಎಸಿಸಿ ಬಿಡುವುದಾಗಿ ಘೋಷಿಸಿತು. 5.2 ಕೋಟಿ ಡಾಲರ್ ನಿರ್ಗಮನ ಶುಲ್ಕಕ್ಕಾಗಿ ಒಕ್ಕೂಟ ಕೋರ್ಟಿಗೆ ಹೋಗಿ ಕೊನೆಗೆ 3.14 ಕೋಟಿಗೆ ರಾಜಿಯಾಯಿತು. ಬರೀ ಶುಲ್ಕದಿಂದ ಯಾರನ್ನೂ ಹಿಡಿದಿಡಲಾಗದೆಂದು ಅರಿತ ಎಸಿಸಿ 2013ರಲ್ಲಿ ಬೇರೆ ದಾರಿ ಹಿಡಿಯಿತು: ಪ್ರತಿ ಸದಸ್ಯ ಸಂಸ್ಥೆಯೂ ತನ್ನ ಪಂದ್ಯಗಳ ಪ್ರಸಾರ ಹಕ್ಕನ್ನೇ ಒಕ್ಕೂಟಕ್ಕೆ ಬರೆದುಕೊಡಬೇಕು. ಬಿಟ್ಟು ಹೋದರೂ ಹಕ್ಕು ಒಕ್ಕೂಟದಲ್ಲೇ ಉಳಿಯುತ್ತದೆ. 2016ರಲ್ಲಿ ಇದನ್ನು 2036ರವರೆಗೆ ವಿಸ್ತರಿಸಲಾಯಿತು. ಫ್ಲೋರಿಡಾ ಸ್ಟೇಟ್ ಎರಡೂ ಸಲ ಸಹಿ ಹಾಕಿತ್ತು. ಆಮೇಲೆ ಬಿಗ್ ಟೆನ್, ಎಸ್‌ಇಸಿಗಳ ವರಮಾನ ಮೇಲೇರಿತು, ಫ್ಲೋರಿಡಾ ಸ್ಟೇಟ್‌ನ ಊರಾದ ತಲ್ಲಹಾಸಿಯಲ್ಲಿ ಅಸಮಾಧಾನ ಕುದಿಯತೊಡಗಿತು. ಅದಕ್ಕೆ ತುಪ್ಪ ಸುರಿದದ್ದು 2023ರ ಡಿಸೆಂಬರ್ 3. ಹದಿಮೂರಕ್ಕೆ ಹದಿಮೂರೂ ಗೆದ್ದು ಎಸಿಸಿ ಚಾಂಪಿಯನ್ ಆದ ತಂಡವನ್ನು ನಾಲ್ಕು ತಂಡಗಳ ಪ್ಲೇಆಫ್‌ನಿಂದ ಹೊರಗಿಟ್ಟು, ಒಂದು ಸೋಲುಂಡಿದ್ದ ಅಲಬಾಮಾವನ್ನು ಆರಿಸಲಾಯಿತು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಗಾಯಗೊಂಡಿದ್ದರೆಂಬುದು ಕಾರಣ. ಡಿಸೆಂಬರ್ 21ರಂದು ಎಸಿಸಿ ನಾರ್ತ್ ಕ್ಯಾರೊಲೈನಾದಲ್ಲಿ ಮುಂಚಿತವಾಗಿಯೇ ದಾವೆ ಹೂಡಿತು, ಮರುದಿನ ವಿಶ್ವವಿದ್ಯಾಲಯ ಫ್ಲೋರಿಡಾದಲ್ಲಿ. ಹೊರಬರಲು ತಗಲುವ ವೆಚ್ಚ 57.2 ಕೋಟಿ ಡಾಲರ್ ಎಂದು ಅದು ಅರ್ಜಿಯಲ್ಲಿ ಹೇಳಿತು. ಮರುವರ್ಷದ ಮಾರ್ಚ್‌ನಲ್ಲಿ ಕ್ಲೆಮ್ಸನ್ ಕೂಡ ದಾವೆ ಹೂಡಿತು. ನ್ಯಾಯಾಲಯದಲ್ಲಿ ತನ್ನ ಬೆಲೆಯ ಬಗ್ಗೆ ವಾದಿಸುತ್ತಿದ್ದ ಫ್ಲೋರಿಡಾ ಸ್ಟೇಟ್ 2024ರಲ್ಲಿ ಗೆದ್ದದ್ದು ಎರಡು ಪಂದ್ಯ, ಸೋತದ್ದು ಹತ್ತು.

2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಟೆಲಿವಿಷನ್ ವರಮಾನದ ದೊಡ್ಡ ಪಾಲು ವೀಕ್ಷಕರ ಸಂಖ್ಯೆಗೆ ತಕ್ಕಂತೆ ಹಂಚಿಕೆ. ನಿರ್ಗಮನ ಶುಲ್ಕ 16.5 ಕೋಟಿಯಿಂದ ವರ್ಷಕ್ಕೆ 1.8 ಕೋಟಿಯಂತೆ ಇಳಿದು 2030–31ಕ್ಕೆ 7.5 ಕೋಟಿ. ಸಮಪಾಲಿನ ತತ್ವ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ನಡೆದರೂ ಈ ಬಗೆಗಿನ ಸಾಹಿತ್ಯ ತೆಳುವಾಗಿದೆ. ಸರಕಾರಿ ವಿಶ್ವವಿದ್ಯಾಲಯಗಳೇ ಭಾಗಿಯಾದ ಪ್ರಸಾರ ಸಂಸ್ಥೆ ಇಎಸ್‌ಪಿಎನ್ ಜೊತೆಗಿನ ಒಪ್ಪಂದವನ್ನು ಎಸಿಸಿ ಗುಟ್ಟಾಗಿಟ್ಟುಕೊಂಡಿದ್ದರಿಂದ, ಅದನ್ನು ಪಡೆಯಲು ಫ್ಲೋರಿಡಾದ ಅಟಾರ್ನಿ ಜನರಲ್ 2024ರಲ್ಲಿ ಬೇರೊಂದು ದಾವೆ ಹೂಡಬೇಕಾಯಿತು. ಪಶ್ಚಿಮ ಕರಾವಳಿಯ ಒಕ್ಕೂಟ ಪ್ಯಾಕ್-12ರಿಂದ ಹತ್ತು ಸಂಸ್ಥೆಗಳು ಹೋದ ಮೇಲೆ ಉಳಿದ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್‌ಗಳ ಕಡೆಯಿಂದ ಬರೆದ ಗಂಭೀರ ಚರಿತ್ರೆಯನ್ನು ನಾನು ಕಂಡಿಲ್ಲ. ಶಾಂತಸಾಗರದ ಬದಿಯ ಸ್ಟ್ಯಾನ್‌ಫರ್ಡ್ 'ಅಟ್ಲಾಂಟಿಕ್ ಕೋಸ್ಟ್' ಸೇರಿದ್ದರಿಂದ, ಅಲ್ಲಿನ ವಾಲಿಬಾಲ್ ಹುಡುಗಿಯರು ಖಂಡ ದಾಟಿ ಹೋಗಿ ಆಡಿ ಬಂದು ತರಗತಿಗೆ ಕೂರಬೇಕು. ಅವರ ವೇಳಾಪಟ್ಟಿ ಯಾವ ಒಪ್ಪಂದದ ಚರ್ಚೆಯಲ್ಲಿ ಬಂತು, ಯಾವ ಅಧ್ಯಾಪಕ ಪ್ರತಿನಿಧಿ ಬೇಡವೆಂದರು, ಯಾರು ಸುಮ್ಮನಿದ್ದರು? ಸುಧಾರಣೆಗೆಂದೇ ಪ್ರಾಧ್ಯಾಪಕರನ್ನು ಕೂರಿಸಿದ್ದ ಮೇಜಿನಲ್ಲಿ ಅವರು ಮಾತಾಡುವುದನ್ನು ನಿಲ್ಲಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ಒಂದು ಅಧ್ಯಾಯವೂ ಇಲ್ಲ.

ಮುಂದೆ ಈ ವಿಷಯ ಕೈಗೆತ್ತಿಕೊಳ್ಳುವ ಕಿರಿಯರು ವಕೀಲರ ಅರ್ಜಿಗಳನ್ನು ಆಮೇಲೆ ಓದಲಿ. ಮೊದಲು ಎಸಿಸಿ ಹುಟ್ಟಿದ 1953ರ ನಂತರದ ಅಧ್ಯಾಪಕ ಪ್ರತಿನಿಧಿಗಳ ಸಭೆಯ ನಡಾವಳಿಗಳನ್ನು ಹುಡುಕಲಿ.